ರಕ್ತಪರೀಕ್ಷೆಯ ಚೀಟಿ: ಹಗ್ಗವೋ, ಹಾವೋ?

ಮಬ್ಬುಗತ್ತಲೆಯಲ್ಲಿ ದಾರಿಗೆ ಅಡ್ಡಬಿದ್ದ ಹಗ್ಗವನ್ನು ಕಂಡು ಹಾವೆಂದು ಬೆದರಿದವನ ದೃಷ್ಟಾಂತವನ್ನು ನಮ್ಮ ಹಿರಿಯರು ವೇದಾಂತ ಹೇಳುವಾಗ ಮೇಲಿಂದ ಮೇಲೆ ಎತ್ತುತ್ತಿದ್ದರು. ಹಗ್ಗವನ್ನು ಹಾವೆಂದು ತಿಳಿಯುವದು ಒಂದು ಬಗೆಯ ತಪ್ಪು. ಹಾವನ್ನು ಹಗ್ಗವೆಂದು ತಿಳಿದು ಕೈಯಿಕ್ಕುವದು ಇನ್ನೊಂದು ಬಗೆಯದು. ಮೊದಲನೆಯದರಿಂದ ಎದೆ ನಡುಗೀತು. ಎರಡನೆಯದರಿಂದ ಪ್ರಾಣಕ್ಕೇ ಸಂಚಕಾರ ಬಂದೀತು. ಎರಡಕ್ಕೂ ಪರಿಹಾರವಾದರೋ ಒಂದೇ: ದೀಪ ತಂದು ನೋಡುವದು. ಎಚ್.ಐ.ವಿ. ರೋಗಾಣುವಿನ ಸಲುವಾಗಿ ಮಾಡುವ ಮೊದಲ ರಕ್ತಪರೀಕ್ಷೆಯ ಫಲಿತಾಂಶವನ್ನು ಹೇಗೆ ಓದಬೇಕು, ಓದಿದ ಮೇಲೆ ಏನು ಮಾಡಬೇಕು ಎಂಬುದನ್ನು ಈ ದೃಷ್ಟಾಂತದ ಬೆಳಕಿನಲ್ಲಿ ವಿವರಿಸುವದೇ ಪ್ರಸ್ತುತ ಲೇಖನದ ಉದ್ದೇಶ.

ನಾನು ಕಲಾವಿಭಾಗದ ವಿದ್ಯಾರ್ಥಿನಿ, ವೈದ್ಯಳಲ್ಲ. ಆದರೆ ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿನವಳು. ಆದುದರಿಂದ ನಮ್ಮ ನೇಕಾರ ಓಣಿಗೆ ಬರುವ ಇಂಗ್ಲಿಷ್ ಕಾಗದಗಳೆಲ್ಲ, ಬ್ಯಾಂಕಿನ ನೋಟೀಸಿರಲಿ, ವಿಮೆಯ ಪತ್ರವಿರಲಿ, ನನ್ನ ಕೈಗೇ ಬರುತ್ತವೆ. ಹೀಗೆಯೇ ಒಮ್ಮೆ ನೆರೆಯ ಅಕ್ಕನೊಬ್ಬಳು ಸೆರಗಿನಲ್ಲಿ ಮುಚ್ಚಿಕೊಂಡು ಒಂದು ಚೀಟಿ ತಂದಳು. "ಇದರಾಗ ಏನ್ ಬರದಾರ, ಓದಿ ಹೇಳ ತಂಗಿ" ಎಂದಳು. ಅದರಲ್ಲಿ ಇದ್ದುದು ಒಂದೇ ಶಬ್ದ: ‘ರಿಯಾಕ್ಟಿವ್’. ಯಾರೋ ಅದರ ಅರ್ಥವನ್ನು ಆಗಲೇ ಅವಳಿಗೆ ಹೇಳಿಬಿಟ್ಟಿದ್ದರು. ಎರಡು ದಿನ ಅವಳ ಮನೆಯಲ್ಲಿ ಒಲೆ ಹೊತ್ತಿರಲಿಲ್ಲ. ಶಬ್ದವನ್ನು ಓದಬಲ್ಲೆನು, ಅದರ ತಾತ್ಪರ್ಯವನ್ನು ಬಲ್ಲವರಿಂದಲೇ ಕೇಳೋಣವೆಂದು ಹೇಳಿ ಮರುದಿನ ಅವಳ ಸಂಗಡ ಸರಕಾರಿ ಆಸ್ಪತ್ರೆಗೆ ಹೋದೆನು. ಮುಂದೆ ಏನು ಗೊತ್ತಾಯಿತೆಂಬುದನ್ನು ವಾಚಕರು ಕೇಳಬಾರದು, ನಾನೂ ಹೇಳಲಾಗದು. ಅದು ಅವಳೊಬ್ಬಳ ಮಾತು. ಆದರೆ ಅಂದು ಅಲ್ಲಿಯ ಆಪ್ತಸಮಾಲೋಚಕರು ತಿಳಿಹೇಳಿದುದನ್ನೂ ಅನಂತರ ನಾನು ಓದಿ ಅರಿತುಕೊಂಡುದನ್ನೂ ನನ್ನ ಸಹಪಾಠಿಗಳ ಮುಂದಿಡಬೇಕೆನಿಸಿತು. ಏಕೆಂದರೆ ಇಂಥ ಚೀಟಿ ಒಂದಲ್ಲ ಒಂದು ದಿನ ಅವರ ಕೈಗೂ ಬರಬಹುದು.

ನಮ್ಮ ಜಿಲ್ಲೆಯೂ ಈ ರೋಗವೂ

ಏಡ್ಸ್ ಎಂಬ ವ್ಯಾಧಿಯ ಸುಳಿವು ವೈದ್ಯಲೋಕಕ್ಕೆ ಮೊದಲು ಸಿಕ್ಕಿದ್ದು ೧೯೮೧ರಲ್ಲಿ, ಅಮೇರಿಕೆಯಲ್ಲಿ. ಅದಕ್ಕೆ ಕಾರಣವಾದ ರೋಗಾಣುವನ್ನು ೧೯೮೩ರಲ್ಲಿ ಪ್ಯಾರಿಸಿನ ಪಾಶ್ಚರ್ ಸಂಸ್ಥೆಯ ವಿಜ್ಞಾನಿಗಳು ಕಂಡುಹಿಡಿದರು. ೧೯೮೫ರಲ್ಲಿ ರಕ್ತಪರೀಕ್ಷೆ ಬಳಕೆಗೆ ಬಂತು. ಮರುವರ್ಷವೇ, ಅಂದರೆ ೧೯೮೬ರಲ್ಲಿ, ಮದ್ರಾಸಿನ ಡಾ. ಸುನೀತಿ ಸಾಲೊಮನ್ ಮತ್ತು ಅವರ ಶಿಷ್ಯೆ ಡಾ. ನಿರ್ಮಲಾ ಅವರು ಭಾರತದಲ್ಲಿಯೂ ಈ ಸೋಂಕು ಇದೆಯೆಂಬುದನ್ನು ತೋರಿಸಿಕೊಟ್ಟರು. ಅಲ್ಲಿಯವರೆಗೆ ‘ಇದು ನಮ್ಮ ದೇಶದ ರೋಗವಲ್ಲ’ ಎಂದು ನೆಮ್ಮದಿಯಿಂದಿದ್ದವರು ಬಹಳ.

ಬಾಗಲಕೋಟೆ ೧೯೯೭ರಲ್ಲಿ ವಿಜಾಪುರದಿಂದ ಬೇರೆಯಾಗಿ ಸ್ವತಂತ್ರ ಜಿಲ್ಲೆಯಾಯಿತು. ಹೊಸ ಜಿಲ್ಲೆ ಕಣ್ಣು ತೆರೆಯುವಷ್ಟರಲ್ಲಿಯೇ ಈ ರೋಗ ನಮ್ಮ ಹಳ್ಳಿಗಳನ್ನು ಹೊಕ್ಕಿತ್ತು. ೨೦೦೧ರಿಂದ ಭಾರತ-ಕೆನಡಾ ಸಹಕಾರದ ಏಡ್ಸ್ ನಿಯಂತ್ರಣ ಯೋಜನೆಯೊಂದು ಇಲ್ಲಿ ಕೆಲಸ ಮಾಡಿತು. ಆ ದಿನಗಳಲ್ಲಿ, ೨೦೦೩ರಲ್ಲಿ, ಜನಸಾಮಾನ್ಯರ ನಡುವೆಯೇ ನಡೆದ ಸಮೀಕ್ಷೆಯಲ್ಲಿ ಜಿಲ್ಲೆಯ ಪ್ರಾಯಸ್ಥರಲ್ಲಿ ನೂರಕ್ಕೆ ೨.೯ರಷ್ಟು, ಅಂದರೆ ಹತ್ತಿರಹತ್ತಿರ ಮೂವರಲ್ಲಿ, ಸೋಂಕು ಕಂಡುಬಂತು. ನಮ್ಮ ದೇಶದ ಯಾವ ಜಿಲ್ಲೆಗೂ ಇದು ಬಹು ದೊಡ್ಡ ಪ್ರಮಾಣವೇ ಸರಿ. ಮಳೆ ಕೈಕೊಟ್ಟಾಗ ಗೋವೆಗೂ ಮಹಾರಾಷ್ಟ್ರಕ್ಕೂ ಗುಳೆ ಹೋಗುವ ಬಡತನ, ೧೯೮೨ರ ಶಾಸನದಿಂದ ನಿಷಿದ್ಧವಾದರೂ ಬೇರುಸಹಿತ ಅಳಿಯದ ದೇವದಾಸಿ ಪದ್ಧತಿಯ ಶೋಷಣೆ, ಇವೆಲ್ಲ ರೋಗ ಹಬ್ಬಲು ಅನುವಾದವು. ಜಿಲ್ಲೆಗೆ ಕಳಂಕ ಹಚ್ಚಲಿಕ್ಕೆ ನಾನಿದನ್ನು ಬರೆಯುತ್ತಿಲ್ಲ. ಗಂಡನ ಮನೆಯ ಹೊಸ್ತಿಲು ದಾಟದ ಗೃಹಿಣಿಯರಿಗೂ ಸೋಂಕು ತಗಲಿದ ನಾಡಿನಲ್ಲಿ, ಚೀಟಿಯನ್ನು ಕಂಡು ಒಬ್ಬರ ನಡತೆಯನ್ನು ಅಳೆಯುವದು ಎಂಥ ಅನ್ಯಾಯವೆಂಬುದು ಮನಸ್ಸಿನಲ್ಲಿ ನಿಲ್ಲಲೆಂದು ಬರೆದೆನು. ಅಲ್ಲಿಂದೀಚೆಗೆ ಪರೀಕ್ಷೆ, ಔಷಧ, ತಿಳಿವಳಿಕೆ ಈ ಮೂರರ ಫಲವಾಗಿ ಕರ್ನಾಟಕದಲ್ಲಿ ಸೋಂಕಿನ ಪ್ರಮಾಣ ಬಹಳ ಇಳಿದಿದೆ. ಈ ಇಳಿತಕ್ಕೂ ಚೀಟಿಯ ಅರ್ಥಕ್ಕೂ ಒಂದು ಸಂಬಂಧವಿದೆ; ಅದನ್ನು ಮುಂದೆ ಹೇಳುವೆನು.

ಪರೀಕ್ಷೆ ಕಾಣುವದು ಏನನ್ನು?

ಬಹುಜನರು ತಿಳಿದಿರುವಂತೆ ಮೊದಲ ಪರೀಕ್ಷೆ ರೋಗಾಣುವನ್ನೇ ಹಿಡಿದು ತೋರಿಸುವದಿಲ್ಲ. ಎಚ್.ಐ.ವಿ. ಶರೀರವನ್ನು ಹೊಕ್ಕಾಗ ಅದನ್ನು ಎದುರಿಸಲು ರಕ್ತದಲ್ಲಿ ಪ್ರತಿಕಾಯಗಳೆಂಬ ವಸ್ತುಗಳು ಹುಟ್ಟುತ್ತವೆ. ಪರೀಕ್ಷೆ ಹುಡುಕುವದು ಮುಖ್ಯವಾಗಿ ಈ ಪ್ರತಿಕಾಯಗಳನ್ನು. ಓಣಿಯಲ್ಲಿ ಪೋಲೀಸರನ್ನು ಕಂಡು ಕಳ್ಳನು ಬಂದಿರಬೇಕೆಂದು ಊಹಿಸಿದಂತೆ ಇದು. ಊಹೆ ಬಹುತೇಕ ನಿಜವೇ ಆಗುವದು. ಆದರೆ ಪೋಲೀಸರು ಬೇರೆ ಕೆಲಸಕ್ಕೂ ಬಂದಿರಬಹುದು.

ನಮ್ಮ ಆಸ್ಪತ್ರೆಗಳಲ್ಲಿ ಹೆಚ್ಚಾಗಿ ಬಳಸುವದು ಅರ್ಧ ತಾಸಿನೊಳಗೆ ಫಲಿತಾಂಶ ಕೊಡುವ ಕಿಟ್ಟುಗಳನ್ನು. ಚಿಕ್ಕ ಪಟ್ಟಿಯ ಮೇಲೆ ಒಂದೆರಡು ಹನಿ ರಕ್ತವನ್ನೋ ಅದರಿಂದ ಬೇರ್ಪಡಿಸಿದ ದ್ರವವನ್ನೋ ಹಾಕುವರು. ಪಟ್ಟಿಯಲ್ಲಿ ‘ಕಂಟ್ರೋಲ್’ ಎಂಬ ಒಂದು ಗುರುತು ಮೂಡಲೇಬೇಕು. ಅದು ಪಟ್ಟಿ ಸರಿಯಾಗಿ ಕೆಲಸ ಮಾಡಿತೆಂಬುದಕ್ಕೆ ಸಾಕ್ಷಿ. ಅದು ಮೂಡದಿದ್ದರೆ ಆ ಪರೀಕ್ಷೆ ಲೆಕ್ಕಕ್ಕಿಲ್ಲ. ಹೊಸ ಪಟ್ಟಿಯಿಂದ ಮತ್ತೆ ಮಾಡಬೇಕು. ಕಂಟ್ರೋಲಿನ ಸಂಗಡ ಪರೀಕ್ಷೆಯ ಗುರುತೂ ಮೂಡಿದರೆ ‘ರಿಯಾಕ್ಟಿವ್’, ಮೂಡದಿದ್ದರೆ ‘ನಾನ್-ರಿಯಾಕ್ಟಿವ್’. ರಿಯಾಕ್ಟಿವ್ ಎಂದರೆ ಪಟ್ಟಿಯ ಮೇಲೆ ಪ್ರತಿಕ್ರಿಯೆ ನಡೆಯಿತೆಂದಷ್ಟೇ ಅರ್ಥ. ಅದು ‘ಪಾಸಿಟಿವ್’ ಎಂಬ ತೀರ್ಪಲ್ಲ. ಬೇರೆ ಕೆಲವು ಸೋಂಕುಗಳಿಂದ, ಕೆಲವು ಬಗೆಯ ಕಾಯಿಲೆಗಳಿಂದ, ಅಪರೂಪಕ್ಕೆ ಗರ್ಭಾವಸ್ಥೆಯಲ್ಲಿಯೂ, ಎಚ್.ಐ.ವಿ. ಇಲ್ಲದೆ ಇಂಥ ಗುರುತು ಮೂಡುವದುಂಟು.

ಹಾಗಾದರೆ ಇಂಥ ಪರೀಕ್ಷೆಯನ್ನೇಕೆ ಇಟ್ಟಿರುವರೆಂದು ಯಾರಾದರೂ ಕೇಳಬಹುದು. ಉತ್ತರ ನಮ್ಮ ದೃಷ್ಟಾಂತದಲ್ಲಿಯೇ ಇದೆ. ಮೊದಲ ಪರೀಕ್ಷೆಯನ್ನು ಬುದ್ಧಿಪೂರ್ವಕವಾಗಿಯೇ ಅಂಜುಬುರುಕನನ್ನಾಗಿ ಮಾಡಿರುವರು. ಹತ್ತು ಹಗ್ಗಗಳನ್ನು ಕಂಡು ಹಾವೆಂದು ಕೂಗಿದರೂ ಚಿಂತೆಯಿಲ್ಲ, ಒಂದು ಹಾವು ಮಾತ್ರ ತಪ್ಪಿಸಿಕೊಳ್ಳಬಾರದು ಎಂಬುದು ಅದರ ಧರ್ಮ. ದೀಪ ತರುವ ಕೆಲಸ ಎರಡನೆಯ, ಮೂರನೆಯ ಪರೀಕ್ಷೆಗಳದು.

ಒಂದು ಚಿಕ್ಕ ಲೆಕ್ಕ

ಈ ಮಾತನ್ನು ಅಂಕಿಗಳಿಂದ ತಿಳಿಯುವದು ಸುಲಭ. ಕೆಳಗಿನದು ತಿಳಿವಳಿಕೆಗಾಗಿ ಕಲ್ಪಿಸಿದ ಲೆಕ್ಕ. ಹತ್ತು ಸಾವಿರ ಜನರಿದ್ದಾರೆ. ಅವರಲ್ಲಿ ೫೦ ಜನರಿಗೆ ಸೋಂಕಿದೆ ಎಂದು ತಿಳಿಯೋಣ. ಪರೀಕ್ಷೆ ಆ ೫೦ ಜನರನ್ನೂ ಹಿಡಿಯುತ್ತದೆ. ಆದರೆ ಸೋಂಕಿಲ್ಲದವರಲ್ಲಿ ೨೦೦ಕ್ಕೆ ಒಬ್ಬರನ್ನು ತಪ್ಪಾಗಿ ರಿಯಾಕ್ಟಿವ್ ಎನ್ನುತ್ತದೆ. ೨೦೦ಕ್ಕೆ ಒಂದು ತಪ್ಪೆಂದರೆ ಒಳ್ಳೆಯ ಪರೀಕ್ಷೆಯೇ. ಆದರೂ ಸೋಂಕಿಲ್ಲದವರು ೯,೯೫೦ ಜನ; ಅವರಲ್ಲಿ ಹತ್ತಿರಹತ್ತಿರ ೫೦ ಜನರ ಚೀಟಿಯಲ್ಲಿ ಆ ಶಬ್ದ ಬೀಳುವದು. ಒಟ್ಟು ನೂರು ಚೀಟಿಗಳಲ್ಲಿ ಐವತ್ತು ಹಾವು, ಐವತ್ತು ಹಗ್ಗ! ಒಂದೇ ಚೀಟಿ ಕೈಯಲ್ಲಿ ಹಿಡಿದವನಿಗೆ ತನ್ನದು ಯಾವುದೆಂದು ಗೊತ್ತಾಗುವ ಬಗೆಯಿಲ್ಲ.

ಈಗ ಈ ನೂರು ಜನರಿಗೆ, ಬೇರೆ ತತ್ತ್ವದ ಮೇಲೆ ತಯಾರಿಸಿದ ಎರಡನೆಯ ಕಿಟ್ಟಿನಿಂದ ಪರೀಕ್ಷೆ ಮಾಡೋಣ. ಅದೂ ೨೦೦ಕ್ಕೆ ಒಂದು ಸಲ ತಪ್ಪುವದಾದರೆ, ಉಳಿದ ೫೦ ಹಗ್ಗಗಳಲ್ಲಿ ಒಂದು ಸಹ ಹಾವೆನಿಸಿಕೊಳ್ಳುವದು ದುರ್ಲಭ. ಇಂಥ ನಾಲ್ಕು ಗುಂಪುಗಳನ್ನು, ಎಂದರೆ ೪೦,೦೦೦ ಜನರನ್ನು, ಪರೀಕ್ಷಿಸಿದರೆ ಒಬ್ಬರು ತಪ್ಪಾಗಿ ಉಳಿದಾರು. ಮೂರನೆಯ ಕಿಟ್ಟೂ ಮುಗಿದ ಮೇಲೆ ಈ ತಪ್ಪು ೮೦ ಲಕ್ಷ ಜನರಲ್ಲಿ ಒಬ್ಬರಿಗೆ ಇಳಿಯುವದು. ಒಂದೇ ಕಿಟ್ಟನ್ನು ಮೂರು ಸಲ ಬಳಸಿದರೆ ಈ ಫಲ ಬಾರದು. ಅದೇ ಕಣ್ಣು ಅದೇ ಹಗ್ಗವನ್ನು ಮತ್ತೆ ಮತ್ತೆ ಹಾವೆಂದೇ ಕಂಡೀತು. ಆದುದರಿಂದಲೇ ರೋಗಲಕ್ಷಣವಿಲ್ಲದವರನ್ನು ಪಾಸಿಟಿವ್ ಎನ್ನುವ ಮೊದಲು ಮೂರು ಬೇರೆ ಬೇರೆ ಬಗೆಯ ಪರೀಕ್ಷೆಗಳಲ್ಲಿಯೂ ರಿಯಾಕ್ಟಿವ್ ಬರಬೇಕೆಂದು ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ, ಎಂದರೆ ನ್ಯಾಕೊ, ನಿಯಮ ಮಾಡಿದೆ. ಮೂರರಲ್ಲಿ ಎರಡು ಮಾತ್ರ ರಿಯಾಕ್ಟಿವ್ ಬಂದರೆ ಅದನ್ನು ಅನಿಶ್ಚಿತವೆಂದು ಕರೆದು, ಎರಡರಿಂದ ನಾಲ್ಕು ವಾರಗಳ ತರುವಾಯ ಮತ್ತೆ ರಕ್ತ ತೆಗೆದು ನೋಡುವರು.

ಇನ್ನು, ಮೇಲೆ ಹೇಳಿದ ಸಂಬಂಧ. ಅದೇ ಹತ್ತು ಸಾವಿರ ಜನರಲ್ಲಿ, ನಮ್ಮ ಜಿಲ್ಲೆಯ ೨೦೦೩ರ ಪ್ರಮಾಣದಂತೆ, ಸುಮಾರು ೩೦೦ ಜನರಿಗೆ ಸೋಂಕಿತ್ತೆಂದು ಇಟ್ಟುಕೊಳ್ಳಿರಿ. ಆಗ ತಪ್ಪು ಚೀಟಿಗಳು ೪೮ ಅಥವಾ ೪೯, ನಿಜವಾದವು ೩೦೦. ಏಳು ಚೀಟಿಗಳಲ್ಲಿ ಆರು ನಿಜ. ಕಿಟ್ಟು ಅದೇ, ಶಬ್ದ ಅದೇ. ಆದರೆ ಸೋಂಕು ಇಳಿದಂತೆ ಮೊದಲ ಚೀಟಿಯಲ್ಲಿ ಹಗ್ಗದ ಪಾಲು ಏರುತ್ತದೆ. ಇಪ್ಪತ್ತು ವರುಷಗಳ ಹಿಂದಿನ ಭೀತಿಯ ಕಣ್ಣಿನಿಂದ ಇಂದಿನ ಚೀಟಿಯನ್ನು ಓದಕೂಡದು. ಹಾಗೆಂದು ‘ಇದು ಹಗ್ಗವೇ ಇರಬೇಕು’ ಎಂದು ಚೀಟಿಯನ್ನು ಒಲೆಗೆ ಹಾಕುವದೂ ಸಲ್ಲದು. ಅರ್ಧದಷ್ಟು ಹಾವುಗಳಿವೆಯೆಂಬುದನ್ನೂ ಅದೇ ಲೆಕ್ಕ ಹೇಳುತ್ತಿದೆಯಷ್ಟೆ.

ನಾನ್-ರಿಯಾಕ್ಟಿವ್ ಬಂದವರು

ಈ ಶಬ್ದವನ್ನು ಕಂಡವರು ಸಹಜವಾಗಿಯೇ ನಿಟ್ಟುಸಿರು ಬಿಡುವರು. ಬಹುಜನರ ಮಟ್ಟಿಗೆ ಅದು ಸರಿಯೂ ಹೌದು. ಆದರೆ ಸೋಂಕು ತಗಲಿದ ದಿನವೇ ಪ್ರತಿಕಾಯಗಳು ಹುಟ್ಟುವದಿಲ್ಲ. ತಗಲಿದ ದಿನದಿಂದ ಪರೀಕ್ಷೆಗೆ ಅದು ಕಾಣಿಸಿಕೊಳ್ಳುವವರೆಗಿನ ಕಾಲಕ್ಕೆ ‘ವಿಂಡೋ ಪೀರಿಯಡ್’ ಅಥವಾ ಗವಾಕ್ಷಿ ಅವಧಿಯೆಂದು ಹೆಸರು. ಈ ಅವಧಿ ಬಹುತೇಕರಲ್ಲಿ ಕೆಲವೇ ವಾರಗಳದಾದರೂ, ಖಚಿತವಾಗಿ ತಿಳಿಯಲು ಮೂರು ತಿಂಗಳೆಂದು ಎಣಿಸುವರು. ಹೊಸ ಬಗೆಯ ಕೆಲವು ಪರೀಕ್ಷೆಗಳು ರೋಗಾಣುವಿನ ಅಂಶವನ್ನೂ ಹುಡುಕುವದರಿಂದ ಇನ್ನೂ ಬೇಗ ಹೇಳಬಲ್ಲವು. ಆದುದರಿಂದ ಅಪಾಯದ ಸಂಪರ್ಕವಾಗಿ ಹತ್ತು ದಿನಕ್ಕೆ ಮಾಡಿಸಿದ ಪರೀಕ್ಷೆ ನಾನ್-ರಿಯಾಕ್ಟಿವ್ ಬಂದರೆ, ಮೂರು ತಿಂಗಳು ತುಂಬಿದ ಮೇಲೆ ಮತ್ತೊಮ್ಮೆ ಮಾಡಿಸಬೇಕು. ಆ ನಡುವೆ ಕಾಂಡೋಮ್ ಬಳಸಬೇಕು, ರಕ್ತದಾನ ಮಾಡಕೂಡದು.

ರಕ್ತದಾನದ ಮಾತು ಬಂದುದರಿಂದ ವಿದ್ಯಾರ್ಥಿ ಮಿತ್ರರಿಗೆ ಒಂದು ಸೂಚನೆ. ಶಿಬಿರದಲ್ಲಿ ರಕ್ತ ಕೊಟ್ಟರೆ ಪುಕ್ಕಟೆ ಪರೀಕ್ಷೆಯೂ ಆಗುವದೆಂದು ಕೆಲವರು ತಿಳಿಯುವರು. ಗವಾಕ್ಷಿ ಅವಧಿಯಲ್ಲಿರುವವನ ರಕ್ತ ಪರೀಕ್ಷೆಯ ಕಣ್ಣು ತಪ್ಪಿಸಿ ಇನ್ನೊಬ್ಬರ ಮೈ ಸೇರಬಹುದು. ಸಂಶಯವಿದ್ದವರು ಪರೀಕ್ಷಾ ಕೇಂದ್ರಕ್ಕೆ ಹೋಗಲಿ. ದಾನ ಮಾಡುವವರು ನಿಶ್ಚಿಂತರಾಗಿ ದಾನ ಮಾಡಲಿ.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳಿಬಿಡುವೆನು. ಸಂಪರ್ಕವಾಗಿ ೭೨ ತಾಸುಗಳು ಮೀರಿರದಿದ್ದರೆ ಸೋಂಕು ನೆಲೆಯೂರದಂತೆ ತಡೆಯುವ ಔಷಧವಿದೆ. ೨೮ ದಿನ ತಪ್ಪದೆ ನುಂಗಬೇಕು. ಎಷ್ಟು ಬೇಗ ಪ್ರಾರಂಭಿಸಿದರೆ ಅಷ್ಟು ಒಳ್ಳೆಯದು. ಸೂಜಿ ಚುಚ್ಚಿಸಿಕೊಂಡ ದಾದಿಯಾಗಲಿ, ಬಲಾತ್ಕಾರಕ್ಕೊಳಗಾದ ಹೆಣ್ಣುಮಗಳಾಗಲಿ, ಮಾನಕ್ಕಂಜಿ ಮನೆಯಲ್ಲಿ ಕೂತು ಈ ಮೂರು ದಿನಗಳನ್ನು ಕಳೆದುಕೊಳ್ಳಬಾರದು.

ರಿಯಾಕ್ಟಿವ್ ಬಂದವರು ಮುಂದೇನು ಮಾಡಬೇಕು?

ನಮ್ಮ ಇಳಕಲ್ಲ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎಳೆಗೆ ಎಳೆ ಕೊಂಡಿ ಹಾಕಿ ಎರಡನ್ನೂ ಜೋಡಿಸಿದಾಗಲೇ ಅದು ಸೀರೆಯಾಗುವದು. ಅದರಂತೆ ಮೊದಲ ಪರೀಕ್ಷೆಗೆ ಮುಂದಿನ ಕ್ರಮ ಜೋಡಿಸದಿದ್ದರೆ ಅದರಿಂದ ಯಾರಿಗೂ ಉಪಯೋಗವಿಲ್ಲ.

ಮೊದಲನೆಯ ಹೆಜ್ಜೆ, ದೃಢಪಡಿಸಿಕೊಳ್ಳುವದು. ಐ.ಸಿ.ಟಿ.ಸಿ. ಎಂದು ಹೆಸರಾದ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರಗಳು ಸರಕಾರಿ ಆಸ್ಪತ್ರೆಗಳಲ್ಲಿವೆ. ಬಾಗಲಕೋಟೆಯ ಜಿಲ್ಲಾಸ್ಪತ್ರೆಗಾಗಲಿ, ಬಾದಾಮಿ, ಹುನಗುಂದ, ಇಳಕಲ್ಲಗಳ ಸರಕಾರಿ ಆಸ್ಪತ್ರೆಗಾಗಲಿ ಹೋಗಿ ಕೇಳಬಹುದು. ದುಡ್ಡು ಕೊಡಬೇಕಾಗಿಲ್ಲ. ದಾರಿ ತಿಳಿಯದವರು ೧೦೯೭ ಎಂಬ ಪುಕ್ಕಟೆ ದೂರವಾಣಿಗೆ ಕರೆ ಮಾಡಿ, ಹೆಸರು ಹೇಳದೆಯೂ ವಿಚಾರಿಸಬಹುದು. ಉತ್ತರ ಸಿಗುವವರೆಗೆ ಯಾರೊಡನೆಯೂ ಜಗಳ ತೆಗೆಯಬಾರದು, ಯಾರನ್ನೂ ದೂಷಿಸಬಾರದು, ಯಾವ ದುಡುಕಿಗೂ ಕೈಹಾಕಬಾರದು.

ಎರಡನೆಯದು, ಪಾಸಿಟಿವ್ ಎಂದು ನಿಶ್ಚಯವಾದರೆ ಔಷಧ ಪ್ರಾರಂಭಿಸುವದು. ೨೦೦೪ರ ಏಪ್ರಿಲ್ ೧ರಿಂದ ಸರಕಾರವು ಎ.ಆರ್.ಟಿ. ಚಿಕಿತ್ಸೆಯನ್ನು ಪುಕ್ಕಟೆಯಾಗಿ ಕೊಡತೊಡಗಿತು. ಅದು ಮೊದಲು ದೊರೆತ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಮೊದಮೊದಲು ಶಕ್ತಿಗುಂದಿದ ರೋಗಿಗಳಿಗೆ ಮಾತ್ರ ಸಿಗುತ್ತಿದ್ದ ಔಷಧ, ೨೦೧೭ರಿಂದ ಸೋಂಕು ನಿಶ್ಚಯವಾದವರೆಲ್ಲರಿಗೂ ಸಿಗುತ್ತಿದೆ. ಬಹುಜನರಿಗೆ ಈಗ ದಿನಕ್ಕೊಂದು ಮಾತ್ರೆ ಸಾಕು. ಮೂರು ಔಷಧಗಳು ಅದರಲ್ಲಿಯೇ ಕೂಡಿರುತ್ತವೆ. ಅದು ರೋಗಾಣುವನ್ನು ಪೂರ್ತಿ ಕಿತ್ತೊಗೆಯಲಾರದಾದರೂ ಅದರ ಸಂಖ್ಯೆಯನ್ನು ಪರೀಕ್ಷೆಗೂ ಸಿಗದಷ್ಟು ತಗ್ಗಿಸುವದು. ಹಾಗೆ ತಗ್ಗಿ ನಿಂತವರಿಂದ ದಾಂಪತ್ಯ ಸಂಪರ್ಕದ ಮೂಲಕ ಇನ್ನೊಬ್ಬರಿಗೆ ಸೋಂಕು ಹರಡದೆಂಬುದು ಇತ್ತೀಚಿನ ವರುಷಗಳಲ್ಲಿ ಸಿದ್ಧವಾಗಿದೆ. ಬೇಗ ಪ್ರಾರಂಭಿಸಿ ತಪ್ಪದೆ ನುಂಗಿದವರು ಉಳಿದವರಂತೆಯೇ ದುಡಿದು ದೀರ್ಘಕಾಲ ಬಾಳುವರು. ಮೈ ಹಗುರಾಯಿತೆಂದು ನಡುವೆ ನಿಲ್ಲಿಸಿದರೆ ಮಾತ್ರ ರೋಗಾಣು ಮತ್ತೆ ತಲೆಯೆತ್ತುವದು. ಇದರ ಸಂಗಡ ಕ್ಷಯರೋಗದ ಪರೀಕ್ಷೆಯನ್ನೂ ಮಾಡಿಸಲೇಬೇಕು. ಇವೆರಡೂ ಜೊತೆಗೂಡುವ ರೋಗಗಳು.

ಮೂರನೆಯದು, ಗಂಡ ಅಥವಾ ಹೆಂಡತಿಯ, ಅವಶ್ಯವಿದ್ದರೆ ಮಕ್ಕಳ ಪರೀಕ್ಷೆ. ಈ ಮಾತನ್ನು ಮನೆಯಲ್ಲಿ ಹೇಗೆ ಎತ್ತಬೇಕೆಂಬ ಸಂಕಟ ದೊಡ್ಡದು. ಆಪ್ತಸಮಾಲೋಚಕರು ಅದಕ್ಕೂ ನೆರವಾಗುವರು. ಗರ್ಭಿಣಿಯಾದವಳಿಗಂತೂ ಈ ಪರೀಕ್ಷೆ ಎರಡು ಜೀವಗಳ ಪ್ರಶ್ನೆ. ಚಿಕಿತ್ಸೆಯಿಲ್ಲದಿದ್ದರೆ ತಾಯಿಯಿಂದ ಮಗುವಿಗೆ ಸೋಂಕು ತಗಲುವ ಸಂಭವ ನೂರಕ್ಕೆ ೧೫ರಿಂದ ೪೫. ತಾಯಿ ಔಷಧ ತೆಗೆದುಕೊಂಡು ಮಗುವಿಗೂ ಕೊಡಿಸಿದರೆ ನೂರಕ್ಕೆ ೫ಕ್ಕೂ ಕೆಳಗೆ ಇಳಿಯುವದು. ಹುಟ್ಟಿದ ಮಗುವಿನ ರಕ್ತದಲ್ಲಿ ತಾಯಿಯ ಪ್ರತಿಕಾಯಗಳೇ ಕೆಲವು ಕಾಲ ಇರುವದರಿಂದ, ಹದಿನೆಂಟು ತಿಂಗಳೊಳಗಿನ ಕೂಸಿಗೆ ಸಾದಾ ಪರೀಕ್ಷೆ ರಿಯಾಕ್ಟಿವ್ ಬಂದರೆ ಅದನ್ನು ನಂಬಲಾಗದು. ಅದಕ್ಕಾಗಿ ಆರು ವಾರಕ್ಕೆ ರೋಗಾಣುವನ್ನೇ ಹುಡುಕುವ ಬೇರೆ ಪರೀಕ್ಷೆ ಮಾಡುವರು. ಕೊನೆಯ ನಿಶ್ಚಯ ಹದಿನೆಂಟು ತಿಂಗಳಿಗೆ.

ಗುಟ್ಟು ಕಾಯುವ ಶಾಸನ

ಇಷ್ಟೆಲ್ಲ ಅನುಕೂಲಗಳಿದ್ದೂ ಜನರು ಪರೀಕ್ಷೆಗೆ ಹಿಂದೆಗೆಯುವದೇಕೆ? ಹೆಚ್ಚಿನವರು ರೋಗಕ್ಕಿಂತ ಊರ ಬಾಯಿಗೇ ಅಂಜುವರು. ಈ ಅಂಜಿಕೆಯನ್ನು ದೂರಮಾಡಲು ೨೦೧೭ರಲ್ಲಿ ಸಂಸತ್ತು ಎಚ್.ಐ.ವಿ. ಮತ್ತು ಏಡ್ಸ್ ನಿಯಂತ್ರಣ ಶಾಸನವನ್ನು ಮಾಡಿತು. ೨೦೧೮ರ ಸೆಪ್ಟೆಂಬರ್ ೧೦ರಿಂದ ಅದು ಜಾರಿಯಲ್ಲಿದೆ. ಅದರಂತೆ, ವಿಷಯವನ್ನು ತಿಳಿಸಿ ಒಪ್ಪಿಗೆ ಪಡೆಯದೆ ಯಾರ ಪರೀಕ್ಷೆಯನ್ನೂ ಮಾಡುವಂತಿಲ್ಲ. ನೌಕರಿಗಾಗಲಿ, ಶಾಲೆ-ಕಾಲೇಜಿನ ಪ್ರವೇಶಕ್ಕಾಗಲಿ, ಆಸ್ಪತ್ರೆಯ ಉಪಚಾರಕ್ಕಾಗಲಿ ಈ ಪರೀಕ್ಷೆಯನ್ನು ಷರತ್ತಾಗಿ ಹಾಕುವಂತಿಲ್ಲ. ಸೋಂಕಿತರನ್ನು ಕೆಲಸದಿಂದ ತೆಗೆಯುವದು, ಬಾಡಿಗೆಯ ಮನೆಯಿಂದ ಹೊರಹಾಕುವದು, ಅವರ ಮಕ್ಕಳನ್ನು ಶಾಲೆಯಿಂದ ದೂರವಿಡುವದು ಶಾಸನವಿರುದ್ಧ.

ಆದರೆ ಓಣಿಯ ಕಟ್ಟೆಯ ಮೇಲೆ ಶಾಸನ ಕೂತುಕೊಳ್ಳಲಾರದು. ಅಲ್ಲಿ ಕೂಡುವವರು ನಾವು. ಒಂದೇ ತಾಟಿನಲ್ಲಿ ರೊಟ್ಟಿ ಉಂಡರೆ, ಒಂದೇ ಕೊಡದ ನೀರು ಕುಡಿದರೆ, ಒಂದೇ ಮಗ್ಗದಲ್ಲಿ ಕೂತು ನೇಯ್ದರೆ, ಸೊಳ್ಳೆ ಕಚ್ಚಿದರೆ ಈ ರೋಗ ಬಾರದು. ಇದನ್ನು ಅಲ್ಲಿ ಹೇಳಬೇಕಾದವರೂ ನಾವೇ.

ಮಿತ್ರರೆ, ನಮ್ಮಲ್ಲಿ ಎಷ್ಟೋ ಜನ ತಂತಮ್ಮ ಮನೆಗಳಲ್ಲಿ ಮೊದಲನೆಯ ಓದುಗರು. ಓಣಿಯವರು ಚೀಟಿ ಹಿಡಿದುಕೊಂಡು ನಮ್ಮ ಹತ್ತಿರ ಬರುವದು ನಾವು ಪಂಡಿತರೆಂದಲ್ಲ, ಬೇರೆ ಯಾರೂ ಇಲ್ಲವೆಂದು. ಅಂಥ ಸಮಯಕ್ಕೆ ನಾಲ್ಕು ಮಾತುಗಳನ್ನು ನೆನಪಿಡೋಣ. ಇದು ಮೊದಲ ಪರೀಕ್ಷೆಯೋ, ಮೂರೂ ಮುಗಿದ ಮೇಲಿನ ತೀರ್ಪೋ ಎಂದು ನೋಡಬೇಕು. ಅಪಾಯದ ಸಂಪರ್ಕವಾಗಿದ್ದರೆ ಎಷ್ಟು ದಿನಗಳಾದವೆಂದು ಲೆಕ್ಕ ಹಾಕಲು ಹೇಳಬೇಕು. ಸರಕಾರಿ ಕೇಂದ್ರಕ್ಕೆ ಅದೇ ದಿನ, ತಪ್ಪಿದರೆ ಮರುದಿನ, ಹೋಗುವಂತೆ ಮಾಡಬೇಕು. ಒಬ್ಬರೇ ಹೋಗಲು ಅಂಜಿದರೆ ಜೊತೆಗೆ ಹೋಗಬೇಕು. ಹಾಗೂ ಚೀಟಿಯಲ್ಲಿ ಕಂಡದ್ದನ್ನು ಮನೆಯವರ ಮುಂದೆ ಸಹ ಬಾಯಿಬಿಡಬಾರದು. ಇಷ್ಟನ್ನು ಮಾಡಿದರೆ ನಮ್ಮನ್ನು ಓದಿಸಿದ ಓಣಿಗೆ ನಮ್ಮ ಓದು ಅಷ್ಟರಮಟ್ಟಿಗಾದರೂ ಉಪಯೋಗಕ್ಕೆ ಬಂದಂತಾಗುವದು.